ಒಗರಿಗೆ ವಯಸ್ಸಾದಾಗ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಬಾಟಲಿ ಒಂಬತ್ತು ವರ್ಷ ನಿಂತೇ ಇತ್ತು. ಎಡಕ್ಕೆ ಮಗಳು ಹೈಸ್ಕೂಲಿನಲ್ಲಿ ಗೆದ್ದ ಥ್ರೋಬಾಲ್ ಕಪ್ಪು, ಬಲಕ್ಕೆ ಚನ್ನಪಟ್ಟಣದ ಗೊಂಬೆ, ನಡುವೆ ಫ್ರಾನ್ಸಿನ ಕೆಂಪು ವೈನು. 2008ರಲ್ಲಿ ಕಾಫಿ ಖರೀದಿಗೆಂದು ಚಿಕ್ಕಮಗಳೂರಿಗೆ ಬಂದಿದ್ದ ಯುರೋಪಿನ ವ್ಯಾಪಾರಿಯೊಬ್ಬರು ಕೊಟ್ಟದ್ದು. ಮೇಲೆ ಬೋರ್ದೋ ಎಂದು ಬರೆದಿತ್ತು. ವೈನು ಹಳತಾದಷ್ಟೂ ರುಚಿ ಎಂದು ಎಲ್ಲರಂತೆ ನಾನೂ ನಂಬಿದ್ದೆ. 2017ರಲ್ಲಿ ಕೆಲಸದಿಂದ ನಿವೃತ್ತನಾದ ದಿನ ರಾತ್ರಿ ಅದನ್ನು ತೆಗೆಯಲು ಕೂತೆ. ಒಣಗಿದ್ದ ಬಿರಟೆ ಪುಡಿಪುಡಿಯಾಗಿ ಅರ್ಧ ಒಳಗೆ ಬಿತ್ತು. ಚಹಾ ಜಾಲರಿಯಲ್ಲಿ ಸೋಸಿ ಬಗ್ಗಿಸಿದರೆ ಹುಣಸೆಹಣ್ಣು ಕಿವುಚಿದ ನೀರಿನ ಬಣ್ಣ, ಕೊಳೆತ ಹಲಸಿನ ವಾಸನೆ, ನಾಲಿಗೆಗೆ ಬರೀ ಹುಳಿ.

"ಎಂಥದ್ರೀ ಇದು? ಒಂಬತ್ತು ವರ್ಷ ನಾನು ಧೂಳು ಒರೆಸಿದ್ದು ಇದಕ್ಕಾ?" ಎಂದಳು ಹೆಂಡತಿ.

ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿದೆವು. ಗಿಡಕ್ಕೆ ಏನೂ ಆಗಲಿಲ್ಲ, ಅಷ್ಟೇ ಸಮಾಧಾನ.

ಈ ಅವಮಾನ ನನಗೆ ಸ್ವಲ್ಪ ಹೆಚ್ಚೇ ತಟ್ಟಿತು. ಏಕೆಂದರೆ ನಾನು ಮೂವತ್ತೊಂದು ವರ್ಷ ರುಚಿ ನೋಡಿಯೇ ಸಂಬಳ ಎಣಿಸಿದವನು. ಕಾಫಿ ಕ್ಯೂರಿಂಗ್ ವರ್ಕ್ಸಿನ ಟೇಸ್ಟಿಂಗ್ ರೂಮಿನಲ್ಲಿ ದಿನಕ್ಕೆ ಅರವತ್ತು, ಎಪ್ಪತ್ತು ಬಟ್ಟಲು. ಚಮಚದಲ್ಲಿ ತೆಗೆದು ಸುರ್ರೆಂದು ಗಾಳಿ ಸಮೇತ ಎಳೆದು, ಬಾಯೆಲ್ಲ ಹರಡಿಸಿ, ಪೀಕದಾನಿಗೆ ಉಗುಳಿ, ಮುಂದಿನ ಬಟ್ಟಲಿಗೆ ಹೋಗುವುದು. ನುಂಗಿದರೆ ರಾತ್ರಿ ನಿದ್ದೆ ಇಲ್ಲ. ಮೂಟೆ ಹೊಗೆ ಹಿಡಿದಿದೆಯೇ, ಹಣ್ಣು ಹೆಚ್ಚು ಹುಳಿತಿದೆಯೇ, ಮಳೆಗೆ ನೆನೆದು ಮಗ್ಗಿದೆಯೇ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನಿಗೆ ಈ ಬಾಟಲಿ ಯಾಕೆ ಕೆಟ್ಟಿತು ಎಂದು ಹೇಳಲಾಗಲಿಲ್ಲ. ಉತ್ತರ ಸಿಗಲು ಎರಡು ವರ್ಷ ಬೇಕಾಯಿತು, ಫ್ರಾನ್ಸಿಗೇ ಹೋಗಬೇಕಾಯಿತು.

ಅಳಿಯನಿಗೆ ತುಲೂಸಿನಲ್ಲಿ ಕೆಲಸ. ವಿಮಾನ ಕಟ್ಟುವ ಆ ಊರಲ್ಲಿ ಬೆಂಗಳೂರಿನಿಂದ ಹೋದ ಎಂಜಿನಿಯರುಗಳು ಸಾಕಷ್ಟು ಜನರಿದ್ದಾರೆ. 2019ರ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ ಮೂರು ತಿಂಗಳು ಇದ್ದೆವು. ಅಲ್ಲಿಂದ ನನ್ನ ಬಾಟಲಿಯ ಊರು ಬೋರ್ದೋಗೆ ರೈಲಿನಲ್ಲಿ ಎರಡು ತಾಸು ಚಿಲ್ಲರೆ. ಅಲ್ಲಿಂದ ಮುಂದೆ ಕಾರಿನಲ್ಲಿ, ಜಿರೋಂದ್ ನದೀಮುಖದ ಎಡದಂಡೆಗುಂಟ ಉತ್ತರಕ್ಕೆ. ಮೆದಾಕ್ ಎಂಬ ಸೀಮೆ ಅದು. ಹೆಸರುವಾಸಿ ತೋಟಗಳೆಲ್ಲ ಒಂದೇ ಸಣ್ಣ ರಸ್ತೆಯ ಆಚೀಚೆ ಸಾಲಾಗಿವೆ. ಬಳ್ಳಿಗಳು ನನ್ನ ಸೊಂಟದೆತ್ತರಕ್ಕೂ ಬರುವುದಿಲ್ಲ. ನೆರಳಿಗೆ ಒಂದು ಮರವಿಲ್ಲ. ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಲ್ಲಿ ಕಾಫಿ ಬೆಳೆಯುವ ನಮ್ಮ ಕಡೆಯವರಿಗೆ ಅದು ತೋಟ ಎಂದು ಒಪ್ಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ನೆಲ ನೋಡಿದರೆ ಇನ್ನೂ ವಿಚಿತ್ರ. ಮಣ್ಣಿಗಿಂತ ಬೆಣಚುಕಲ್ಲೇ ಹೆಚ್ಚು. ಪಿರನೀಸ್ ಕಡೆಯಿಂದಲೂ ಫ್ರಾನ್ಸಿನ ನಡುಗುಡ್ಡಗಳಿಂದಲೂ ನದಿಗಳು ಲಕ್ಷಾಂತರ ವರ್ಷಗಳಲ್ಲಿ ಉರುಳಿಸಿ ತಂದ ಕಲ್ಲುಗಳು. 17ನೇ ಶತಮಾನದಲ್ಲಿ ಡಚ್ಚರು ಕಾಲುವೆ ತೋಡಿ ಜೌಗು ಬಸಿಯುವವರೆಗೆ ಈ ಸೀಮೆಯ ಬಹುಪಾಲು ಕೆಸರು. ಈಗ ಮಳೆನೀರು ಕಲ್ಲಿನ ಸಂದಿಯಲ್ಲಿ ಇಳಿದುಹೋಗುತ್ತದೆ, ಬೇರು ನೀರು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ, ಹಗಲು ಕಾದ ಕಲ್ಲು ಸಂಜೆ ಹಣ್ಣಿಗೆ ಬಿಸಿ ಕೊಡುತ್ತದೆ. ಅಲ್ಲಿನ ಮುಖ್ಯ ದ್ರಾಕ್ಷಿ ಕ್ಯಾಬರ್ನೆ ಸೋವಿನ್ಯೋನ್: ಕಾಳು ಸಣ್ಣದು, ಸಿಪ್ಪೆ ದಪ್ಪ, ಹಣ್ಣಾಗುವುದು ತಡ. ಅದರ ತಂದೆತಾಯಿ ಯಾರೆಂದು 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಡಿಎನ್ಎ ನೋಡಿ ಹೇಳಿದರು. ಒಂದು ಕಡೆ ಕ್ಯಾಬರ್ನೆ ಫ್ರಾಂಕ್ ಎಂಬ ಕೆಂಪು ಜಾತಿ, ಇನ್ನೊಂದು ಕಡೆ ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ಜಾತಿ. ಯಾರೂ ಬೇಕೆಂದು ಮಾಡಿದ ಮಿಶ್ರತಳಿಯಲ್ಲ, ತೋಟದಲ್ಲಿ ತಾನಾಗಿ ಆದ ಸಂಬಂಧ. ನಮ್ಮ ಅರೇಬಿಕಾ ಕಾಫಿಯೂ ಹೀಗೇ, ರೋಬಸ್ಟಾ ಮತ್ತು ಇನ್ನೊಂದು ಕಾಡುಕಾಫಿಯ ಮಗು. ಈ ಕ್ಯಾಬರ್ನೆಯ ಜೊತೆಗೆ ಮೃದುವಾದ ಮೆರ್ಲೋ ಬೆರೆಸುತ್ತಾರೆ.

ನಾವು ಹುಡುಕಿಕೊಂಡು ಹೋದದ್ದು ಸೇಂಟ್ ಎಸ್ತೆಫ್ ಎಂಬ ಹಳ್ಳಿಯ ಒಂದು ತೋಟವನ್ನು. ಹೆಸರು ಕೋಸ್ ದೆಸ್ತೂರ್ನೆಲ್. ತಿರುವಿನಲ್ಲಿ ಕಾರು ಏರು ಹತ್ತುತ್ತಿದ್ದಂತೆ ನನ್ನ ಹೆಂಡತಿ, "ಇಲ್ಲಿ ಯಾವ ದೇವಸ್ಥಾನ?" ಎಂದಳು. ತಪ್ಪಲ್ಲ. ಹಳದಿ ಕಲ್ಲಿನ ಗೋಡೆಯ ಮೇಲೆ ಪಗೋಡದಂತಹ ಮೂರು ಗೋಪುರಗಳು, ಒಳಗೆ ಆನೆಯ ಬೊಂಬೆಗಳು, ಜಾಂಜಿಬಾರ್ ಸುಲ್ತಾನನ ಅರಮನೆಯದ್ದೆಂದು ಹೇಳುವ ಕೆತ್ತನೆಯ ಬಾಗಿಲು. ಅರಮನೆಯ ಹಾಗೆ ಕಂಡರೂ ಅದು ಮನುಷ್ಯರ ವಾಸಕ್ಕೆ ಕಟ್ಟಿದ್ದಲ್ಲ, ವೈನಿನ ಪೀಪಾಯಿಗಳಿಗೆ ಕಟ್ಟಿದ್ದು.

ಕಟ್ಟಿಸಿದವನು ಲೂಯಿ ಗಾಸ್ಪಾರ್ ದೆಸ್ತೂರ್ನೆಲ್. ಹುಟ್ಟಿದ್ದು 1762ರಲ್ಲಿ. ಬೋರ್ದೋದ ವ್ಯಾಪಾರಿಗಳ ಕೈಗೆ ವೈನು ಒಪ್ಪಿಸಿ ಸುಮ್ಮನಿರುವ ರೂಢಿ ಬಿಟ್ಟು ತಾನೇ ಹಡಗಿಗೆ ಹಾಕಿ ಭಾರತದವರೆಗೆ ಕಳಿಸುತ್ತಿದ್ದ. ಇಲ್ಲಿ ಮಾರಾಟವಾಗದೆ ಉಳಿದದ್ದು ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು. ಕುಡಿದು ನೋಡಿದರೆ ಹೋಗುವಾಗಿನದಕ್ಕಿಂತ ಬರುವಾಗಿನದು ಹದವಾಗಿತ್ತಂತೆ. ಅಂಥ ಬಾಟಲಿಗಳಿಗೆ "ಹಿಂತಿರುಗಿದ್ದು" ಎಂಬರ್ಥದ ಒಂದಕ್ಷರದ ಗುರುತು ಹಾಕಿ ಮಾರಿದನೆಂದು ತೋಟದವರು ಹೇಳುತ್ತಾರೆ. ಪಗೋಡದ ಹುಚ್ಚು ಅಲ್ಲಿಂದಲೇ. ಜನ ಅವನನ್ನು ಸೇಂಟ್ ಎಸ್ತೆಫಿನ ಮಹಾರಾಜ ಎಂದು ಕರೆದರು. ಮಹಾರಾಜನ ಸಾಲ ಬೆಳೆಯಿತು. 1852ರಲ್ಲಿ ಲಂಡನ್ನಿನ ಬ್ಯಾಂಕರೊಬ್ಬನಿಗೆ ತೋಟ ಮಾರಿ ಮರುವರ್ಷ ತೀರಿಕೊಂಡ. ಅದಾಗಿ ಎರಡೇ ವರ್ಷಕ್ಕೆ, 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಬೋರ್ದೋದ ದಲ್ಲಾಳಿಗಳು ಅಲ್ಲಿಯವರೆಗೆ ಸಿಕ್ಕ ಬೆಲೆಯನ್ನೇ ಅಳತೆಗೋಲು ಮಾಡಿಕೊಂಡು ತೋಟಗಳನ್ನು ಐದು ದರ್ಜೆಗೆ ಹಂಚಿದಾಗ ಇವನದ್ದು ಎರಡನೆಯ ದರ್ಜೆಯಲ್ಲಿ ನಿಂತಿತು. ಆ ಪಟ್ಟಿ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಮೊದಲ ದರ್ಜೆಗೆ ಏರಿದ್ದು ಒಂದೇ ಒಂದು ತೋಟ, ಮೂತೋನ್ ರೋಥ್‌ಶೀಲ್ಡ್, ಅದೂ 1973ರಲ್ಲಿ. ನಮ್ಮ ಸರ್ಕಾರಿ ಕಚೇರಿಗಳ ಸೀನಿಯಾರಿಟಿ ಪಟ್ಟಿಯೂ ಇಷ್ಟು ಬಿಗಿಯಲ್ಲ.

ಹಿಂತಿರುಗಿದ ವೈನಿನ ಕತೆ ಕೇಳಿದಾಗ ನನಗೆ ನೆನಪಾದದ್ದು ಮಂಗಳೂರಿನ ಗೋದಾಮುಗಳು. ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿಬೀಜ ಆಫ್ರಿಕಾ ಸುತ್ತಿ ಯುರೋಪು ತಲುಪಲು ಐದಾರು ತಿಂಗಳಾಗುತ್ತಿತ್ತು. ಸಮುದ್ರದ ತೇವ ಕುಡಿದು ಬೀಜ ಉಬ್ಬಿ, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗಿ, ಹುಳಿ ತಗ್ಗುತ್ತಿತ್ತು. ಅಲ್ಲಿನ ಜನ ಅದಕ್ಕೇ ಒಗ್ಗಿಹೋದರು. ಹಬೆಹಡಗು ಬಂದು, ಸೂಯೆಜ್ ಕಾಲುವೆ ತೆರೆದು ದಾರಿ ಮೊಟಕಾದ ಮೇಲೆ, "ಇದು ನಮ್ಮ ಕಾಫಿಯಲ್ಲ" ಎಂದು ತಕರಾರು. ಅದಕ್ಕೇ ಇಂದಿಗೂ ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀಜ ಹರವಿ, ಮಳೆಗಾಳಿ ಆಡಲು ಬಿಟ್ಟು, ಮತ್ತೆ ಮತ್ತೆ ಕೆದಕಿ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ ಮಾಡುತ್ತಾರೆ. ನಾನು ಎಷ್ಟೋ ಲಾಟು ನೋಡಿದ್ದೇನೆ. ಒಂದೇ ಕಡಲು, ಅತ್ತಲಿಂದ ಬಂದ ವೈನನ್ನೂ ಇತ್ತಲಿಂದ ಹೋದ ಕಾಫಿಯನ್ನೂ ಪಳಗಿಸಿದೆ. ಆದರೆ ಕಾಫಿಯಲ್ಲಿ ತಗ್ಗಿದ್ದು ಹುಳಿ. ವೈನಿನಲ್ಲಿ ತಗ್ಗಬೇಕಾದ್ದು ಬೇರೆ, ಅದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಮಾತೇ ಇದೆ: ಒಗರು.

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ನಾವು ಆರು ರುಚಿ ಎಣಿಸುತ್ತೇವೆ. ಇಂದಿನ ವಿಜ್ಞಾನದ ಲೆಕ್ಕದಲ್ಲಿ ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ಎಳೆ ಅಡಿಕೆ ಕಡಿದಾಗ, ಗೇರುಹಣ್ಣು ಚೀಪಿದಾಗ, ನೇರಳೆ ತಿಂದಾಗ ಬಾಯೊಳಗೆ ಆಗುವುದನ್ನು ನೆನೆಯಿರಿ. ನಮ್ಮ ಎಂಜಲನ್ನು ಜಾರುವಂತೆ ಇಟ್ಟಿರುವುದು ಅದರೊಳಗಿನ ಪ್ರೋಟೀನು. ಟ್ಯಾನಿನ್ ಎಂಬ ವಸ್ತು ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಮುದ್ದೆ ಮಾಡಿಬಿಡುತ್ತದೆ. ಆಗ ನಾಲಿಗೆ ತರಿತರಿ, ಕೆನ್ನೆಯ ಒಳಭಾಗ ಹಿಡಿದೆಳೆದ ಹಾಗೆ. ಕೆಂಪು ವೈನಿಗೆ ಈ ಟ್ಯಾನಿನ್ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ, ಬೀಜದಿಂದ. ರಸವನ್ನು ಸಿಪ್ಪೆಯ ಜೊತೆಗೇ ಎರಡು ಮೂರು ವಾರ ನೆನೆಯಲು ಬಿಡುತ್ತಾರೆ, ಬಣ್ಣವೂ ಒಗರೂ ಆಗಲೇ ಇಳಿಯುವುದು. ನಮ್ಮ ಕೊಪ್ಪದ ಮನೆಯಲ್ಲಿ ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುತ್ತಿದ್ದ ಚೊಗರು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಅಂಗಿಗೆ ಹತ್ತಿದರೆ ಹೋಗುವುದಿಲ್ಲ, ನಾಲಿಗೆಗೆ ಹತ್ತಿದರೆ ಮಾತು ಬರುವುದಿಲ್ಲ.

ಆಮೇಲೆ ಓಕ್ ಮರದ 225 ಲೀಟರಿನ ಪೀಪಾಯಿಯಲ್ಲಿ ಸುಮಾರು ಒಂದೂವರೆ ವರ್ಷ. ಮರವೂ ತನ್ನ ಪಾಲಿನ ಒಗರು, ಸ್ವಲ್ಪ ವೆನಿಲ್ಲಾ, ಸ್ವಲ್ಪ ಹೊಗೆ ಕೊಡುತ್ತದೆ. ಹಳೆಯ ಪದ್ಧತಿಯಲ್ಲಿ ಪೀಪಾಯಿಗೆ ನಾಲ್ಕಾರು ಮೊಟ್ಟೆಯ ಬಿಳಿ ಕದಡಿ ಹಾಕುತ್ತಾರೆ. ಅದು ಒರಟು ಟ್ಯಾನಿನ್ನನ್ನು ಅಪ್ಪಿಕೊಂಡು ತಳ ಸೇರುತ್ತದೆ. ಉಳಿದ ಹಳದಿಯಿಂದಲೇ ಬೋರ್ದೋದ ಕನಲೆ ಎಂಬ ಸಣ್ಣ ಕೇಕು ಹುಟ್ಟಿತು ಎನ್ನುತ್ತಾರೆ. ನನ್ನ ಹೆಂಡತಿ ವೈನಿಗಿಂತ ಈ ಕೇಕಿನ ಬಗ್ಗೆಯೇ ಹೆಚ್ಚು ವಿಚಾರಿಸಿದಳು.

ಈಗ ರುಚಿ ನೋಡುವ ಮಾತು. ಬೋರ್ದೋ ನಗರದಲ್ಲಿ ಒಂದು ಅಂಗಡಿ. ಗೋಡೆಯುದ್ದಕ್ಕೂ ಯಂತ್ರಗಳು, ಅವುಗಳೊಳಗೆ ದೊಡ್ಡ ದೊಡ್ಡ ಹೆಸರಿನ ಬಾಟಲಿಗಳು. ಕಾರ್ಡು ತೂರಿಸಿ ಗುಂಡಿ ಒತ್ತಿದರೆ 25 ಮಿಲಿಲೀಟರ್ ಬೀಳುತ್ತದೆ. ಅಳಿಯ ನನಗಾಗಿ 2016ರ ಕೋಸ್ ದೆಸ್ತೂರ್ನೆಲ್ ಒತ್ತಿಸಿದ. ನಮ್ಮ ತೀರ್ಥದ ಉದ್ಧರಣೆಯಲ್ಲಿ ನಾಲ್ಕೈದು ಸಲ ಹಾಕಿದಷ್ಟು. ಬೆಲೆ ಕೇಳಬೇಡಿ ಮಾವ ಎಂದ. ಕೇಳಲಿಲ್ಲ, ರಸೀದಿ ನೋಡಿದೆ.

ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾಲಿಸಿ ಹಿಡಿದೆ. ನೇರಳೆಹಣ್ಣಿನ ಕಪ್ಪು, ಅಂಚಿನವರೆಗೂ ಅದೇ ಬಣ್ಣ. ಅಂಚಿನ ಬಣ್ಣವೇ ವಯಸ್ಸು ಹೇಳುವುದು. ಎಳೆಯದಾದರೆ ನೇರಳೆ, ನಡುವಯಸ್ಸಿಗೆ ಮಾಣಿಕ್ಯ, ಹಳತಾದಂತೆ ಇಟ್ಟಿಗೆ, ಕೊನೆಗೆ ಕಂದು. ಗ್ಲಾಸು ಅಲ್ಲಾಡಿಸುವ ಮುಂಚೆ ಒಮ್ಮೆ ಮೂಸಬೇಕು, ಅಲ್ಲಾಡಿಸಿ ಇನ್ನೊಮ್ಮೆ. ಸುತ್ತಿಸುವುದು ಶೋಕಿಗಲ್ಲ, ಗಾಳಿ ತಾಗಿ ಪರಿಮಳ ಏಳಲಿ ಎಂದು. ಆಮೇಲೆ ಒಂದು ಗುಟುಕು, ತುಟಿ ಕಿರಿದು ಮಾಡಿ ಸ್ವಲ್ಪ ಗಾಳಿ ಎಳೆದುಕೊಳ್ಳುವುದು. ಕಾಫಿಗೆ ನಾವು ಮಾಡುವುದೂ ಅದನ್ನೇ, ಸದ್ದು ಮಾತ್ರ ನಮ್ಮದು ಜೋರು. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆ, ಗಂಟಲ ಹಿಂದಿನಿಂದ ಮೂಗಿಗೆ ಏರುವಂಥದ್ದು. ನಂಬದಿದ್ದರೆ ಮೂಗು ಹಿಡಿದು ಏಲಕ್ಕಿ ಜಗಿಯಿರಿ, ಆಮೇಲೆ ಬೆರಳು ಬಿಡಿ.

ಬಾಯಿಗೆ ಹಾಕಿದ ಕ್ಷಣ ಹಣ್ಣು, ಹಿಂದೆಯೇ ಹುಳಿ, ಮೂರನೆಯ ಕ್ಷಣಕ್ಕೆ ಒಗರು ಬಂದು ಕದ ಹಾಕಿತು. ಎಳೆ ಅಡಿಕೆಯದ್ದೇ ಬಿಗಿ, ಆದರೆ ಅಡಿಕೆಯ ಹಾಗೆ ಗೀರುವುದಿಲ್ಲ, ಒದ್ದೆ ರೇಷ್ಮೆ ಒರೆಸಿದ ಹಾಗೆ. ಉಗುಳಿದ ಮೇಲೂ ಅರ್ಧ ನಿಮಿಷ ಬಾಯಲ್ಲೇ ಇತ್ತು. ಆ ಉಳಿಕೆಯ ಉದ್ದವೇ ಒಳ್ಳೆಯ ಮಾಲಿನ ಗುರುತು, ಕಾಫಿಯಲ್ಲೂ ವೈನಿನಲ್ಲೂ.

ಪಕ್ಕದಲ್ಲಿದ್ದವರು ಕಪ್ಪು ಕರಂಟು, ಸೀಡರ್ ಮರ, ಪೆನ್ಸಿಲ್ ಕೆತ್ತಿದ ಸಿಪ್ಪೆ, ಸಿಗಾರಿನ ಡಬ್ಬಿ ಎಂದು ಹೆಸರಿಸುತ್ತಿದ್ದರು. ಪೆನ್ಸಿಲ್ ಸಿಪ್ಪೆ ನನಗೂ ಸಿಕ್ಕಿತು. ಕರಂಟು ನಾನು ತಿಂದವನಲ್ಲ, ನನಗೆ ಅದು ನೇರಳೆ. ದ್ರಾಕ್ಷಿ ಸರಿಯಾಗಿ ಹಣ್ಣಾಗದ ವರ್ಷದ ಕ್ಯಾಬರ್ನೆಯಲ್ಲಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಬರುತ್ತದೆ, ಅದು ಕಲ್ಪನೆಯಲ್ಲ. ದೊಣ್ಣೆ ಮೆಣಸಿನಕಾಯಿಗೆ ಆ ವಾಸನೆ ಕೊಡುವ ಪೈರಜಿನ್ ಎಂಬ ವಸ್ತುವೇ ದ್ರಾಕ್ಷಿಯಲ್ಲೂ ಇದೆ. ಅದರ ಸೋದರ ವಸ್ತುವೊಂದು ರುವಾಂಡಾ, ಬುರುಂಡಿ ಕಡೆಯ ಕಾಫಿಯಲ್ಲಿ ಹಸಿ ಆಲೂಗಡ್ಡೆಯ ನಾತ ಎಬ್ಬಿಸುತ್ತದೆ. ಆದರೂ ಈ ಪದಗಳ ಮುಂದೆ ಅಂಜಬೇಕಿಲ್ಲ. 2001ರಲ್ಲಿ ಬೋರ್ದೋದಲ್ಲೇ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಕಟವಾಯಿತು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು, ಅವರು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಹೇಳಿದರು. ಕಣ್ಣು ಮೂಗಿಗೆ ಮೋಸ ಮಾಡುತ್ತದೆ. ಅದಕ್ಕೇ ಕಾಫಿ ರುಚಿ ನೋಡುವಾಗ ಹುರಿದ ಬಣ್ಣ ತಿಳಿಯದಂತೆ ಕೆಂಪು ದೀಪ ಹಾಕುವ ಪದ್ಧತಿ ಇದೆ.

ಆ ಸಂಜೆ ಒಂದು ಹೋಟೆಲಿನಲ್ಲಿ ನನ್ನ ಮೂವತ್ತೊಂದು ವರ್ಷದ ದುಡಿಮೆ ಕೆಲಸಕ್ಕೆ ಬಂತು. ಪರಿಚಾರಕ ಬಿರಟೆ ತೆಗೆದು ಅಳಿಯನ ಗ್ಲಾಸಿಗೆ ಒಂದು ಗುಟುಕು ಹಾಕಿ ನಿಂತ. ಅಳಿಯ ಮೂಸಿದ ಹಾಗೆ ಮಾಡಿ ತಲೆಯಾಡಿಸಲು ಹೊರಟಿದ್ದ. ನನಗೆ ಮೇಜಿನ ಈಚೆ ಬದಿಗೇ ಗೊತ್ತಾಯಿತು. ಒದ್ದೆಯಾದ ರಟ್ಟು, ಮುಚ್ಚಿಟ್ಟ ಕೋಣೆಯ ಬೂಷ್ಟು. ಕಾಫಿಯವರು ಇದಕ್ಕೆ ರಿಯೋ ಎನ್ನುತ್ತೇವೆ, ಬ್ರೆಜಿಲಿನ ಕೆಲವು ಕಾಫಿಗಳಿಗೆ ಅಂಟಿಕೊಂಡ ದೋಷ. ಎರಡರ ಹಿಂದೆಯೂ ಇರುವುದು ಒಂದೇ ವಸ್ತು, ಟ್ರೈಕ್ಲೋರೋ ಅನಿಸೋಲ್. ಬಿರಟೆಮರದ ತೊಗಟೆಯಲ್ಲಿ ಬೂಷ್ಟು ಮತ್ತು ಕ್ಲೋರಿನ್ ಸೇರಿದರೆ ಹುಟ್ಟಿಕೊಳ್ಳುತ್ತದೆ. ಲೀಟರಿಗೆ ಗ್ರಾಮಿನ ಶತಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗಿಗೆ ತಿಳಿಯುತ್ತದೆ. ಆರೋಗ್ಯಕ್ಕೆ ಕೇಡಿಲ್ಲ, ವೈನಿನ ಪರಿಮಳಕ್ಕೆ ಮಾತ್ರ ಕೊಳ್ಳಿ. "ಇದು ಬೇಡ ಅನ್ನು" ಎಂದೆ. ಪರಿಚಾರಕ ತಾನೂ ಮೂಸಿ, ಮರುಮಾತಾಡದೆ ಬೇರೆ ಬಾಟಲಿ ತಂದ. ಆ ಮೊದಲ ಗುಟುಕು ಕೊಡುವುದು ನಿಮಗೆ ಹಿಡಿಸಿತೇ ಎಂದು ಕೇಳಲು ಅಲ್ಲ, ಕೆಟ್ಟಿದೆಯೇ ನೋಡಿ ಎನ್ನಲು.

ನನ್ನ ಶೋಕೇಸಿನ ಬಾಟಲಿಯ ಪೋಸ್ಟ್‌ಮಾರ್ಟಂ ಮಾಡಿದವರು ತುಲೂಸಿನಲ್ಲಿ ಮಗಳ ಪಕ್ಕದ ಮನೆಯವರು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಹಾಗಾಗಿ ನಾವು ನಮ್ಮೊಳಗೆ ಅವರನ್ನು ಮೇಷ್ಟ್ರು ಎಂದೇ ಕರೆದೆವು. ಮನೆಯಡಿ ಅವರ ತಂದೆಯ ಕಾಲದ ನೆಲಮಾಳಿಗೆ. ಕತ್ತಲು, ತಂಪು, ತುಸು ತೇವ. ಮಗಳು ನಡುವೆ ನಿಂತು ಅನುವಾದ ಮಾಡಿದಳು. ನಾನು ನನ್ನ ಕತೆ ಹೇಳಿದೆ. ಅವರು ಮೊದಲು ಕೇಳಿದ್ದು, "ನಿಲ್ಲಿಸಿ ಇಟ್ಟಿದ್ದಿರಾ?"

ನಿಲ್ಲಿಸಿಯೇ. ಹಾಗಾಗಿ ಬಿರಟೆ ಒಣಗಿ ಕುಗ್ಗಿ ಗಾಳಿಗೆ ದಾರಿಯಾಯಿತು. ಮಲಗಿಸಿದರೆ ವೈನು ತಾಗಿ ಬಿರಟೆ ಒದ್ದೆಯಿರುತ್ತದೆ. ಶೋಕೇಸಿನ ಟ್ಯೂಬ್‌ಲೈಟು ಎರಡನೆಯ ತಪ್ಪು, ಬೆಳಕು ವೈನಿಗೆ ಆಗದು. ಮೂರನೆಯದು ಬಿಸಿ. 12ರಿಂದ 14 ಡಿಗ್ರಿಯ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಇರಬೇಕಾದ್ದು, ನಮ್ಮ ಹಜಾರದಲ್ಲಿ ಒಂಬತ್ತು ಏಪ್ರಿಲ್ ಕಂಡಿತ್ತು. ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಆ ವೈನು ಹಳತಾಗಲು ಹುಟ್ಟಿದ್ದೇ ಅಲ್ಲ. ಜಗತ್ತಿನಲ್ಲಿ ಮಾಡುವ ವೈನಿನಲ್ಲಿ ಬಹುಪಾಲು, ಬೋರ್ದೋ ಎಂಬ ಚೀಟಿ ಇರುವ ಬಹುಪಾಲೂ ಸೇರಿ, ಮೂರು ನಾಲ್ಕು ವರ್ಷದೊಳಗೆ ಕುಡಿದು ಮುಗಿಸಬೇಕಾದ್ದು.

ಇದನ್ನು ನಾನು ಅರ್ಥ ಮಾಡಿಕೊಂಡದ್ದು ಉಪ್ಪಿನಕಾಯಿಯ ದಾರಿಯಲ್ಲಿ. ಸೊನೆ ತುಂಬಿದ ಒಳ್ಳೆಯ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿ ಕಟ್ಟಿಟ್ಟರೆ ಮೂರನೆಯ ವರ್ಷವೂ ಕರುಮುರು, ಪರಿಮಳ ಇನ್ನೂ ಒಂದು ಕೈ ಮೇಲೆ. ಯಾವುದೋ ಮೆತ್ತನೆಯ ಮಾವನ್ನು ಹೆಚ್ಚಿ ಹಾಕಿದರೆ ಮುಂದಿನ ದೀಪಾವಳಿಗೆ ಬೂಷ್ಟು. ಭರಣಿ ಅದೇ, ಉಪ್ಪು ಅದೇ. ಕಾಯಿಯಲ್ಲಿ ಸತ್ವ ಇಲ್ಲದಿದ್ದರೆ ಕಾಲ ಏನು ಮಾಡೀತು? ವೈನಿಗೆ ಸೊನೆಯ ಜಾಗದಲ್ಲಿರುವುದು ಒಗರು ಮತ್ತು ಹುಳಿ. ಎಳೆಯದರಲ್ಲಿ ಯಾವುದು ನಾಲಿಗೆಗೆ ಹಿಂಸೆಯೋ ಅದೇ ಮುಂದೆ ವೈನನ್ನು ಕಾಯುತ್ತದೆ. ಬಿರಟೆಯ ಮೂಲಕ ಒಳಬರುವ ತೃಣಮಾತ್ರ ಆಮ್ಲಜನಕದ ಜೊತೆ ಟ್ಯಾನಿನ್ನೂ ಬಣ್ಣದ ವಸ್ತುಗಳೂ ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗುತ್ತವೆ. ಹೊರಲಾರದಷ್ಟು ದೊಡ್ಡದಾದವು ಗಷ್ಟಾಗಿ ತಳಕ್ಕಿಳಿಯುತ್ತವೆ. ಬಣ್ಣ ತೆಳುವಾಗುತ್ತದೆ, ಒಗರು ತಿಳಿಯಾಗುತ್ತದೆ, ಹಣ್ಣಿನ ವಾಸನೆ ಹೋಗಿ ತರಗೆಲೆ, ಅಣಬೆ, ಚರ್ಮ, ತಂಬಾಕಿನ ವಾಸನೆ ಬರುತ್ತದೆ. ನಡುವೆ ಕೆಲವು ವರ್ಷ ಏನೂ ಹೇಳದೆ ಮುದುಡಿಕೊಂಡಿರುವುದೂ ಉಂಟು. ದೊಡ್ಡ ಬಾಟಲಿಯಲ್ಲಿ ಇದೆಲ್ಲ ನಿಧಾನ, ವೈನು ಹೆಚ್ಚು, ಗಾಳಿ ಅಷ್ಟೇ.

ವರ್ಷವೂ ಮುಖ್ಯ. ಮೆದಾಕಿನಲ್ಲಿ 1991 ಹಿಮಕ್ಕೆ ಬಲಿ, 2013 ಮಳೆಗೆ. 1996 ಮತ್ತು 2016 ಕ್ಯಾಬರ್ನೆಗೆ ದೇವರು ಕಣ್ಣು ಬಿಟ್ಟ ವರ್ಷಗಳು. ನಾನು 25 ಮಿಲಿಲೀಟರ್ ಕುಡಿದ ಆ 2016 ನಿಜವಾಗಿ ಬಾಯಿ ಬಿಡುವುದಕ್ಕೆ ಇನ್ನೂ ಹತ್ತು ಹದಿನೈದು ವರ್ಷ ಬೇಕು ಎಂದರು ಮೇಷ್ಟ್ರು. ಯಾರಾದರೂ ನಿಮಗೆ ವೈನ್ ಬಾಟಲಿ ಉಡುಗೊರೆ ಕೊಟ್ಟರೆ ನನ್ನ ಸಲಹೆ ಒಂದೇ: ಈ ವರ್ಷವೇ ತೆಗೆಯಿರಿ. ಬೇಸಿಗೆಯಲ್ಲಾದರೆ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಎನ್ನುವ ಮಾತು ಹುಟ್ಟಿದ್ದು ಹಳೆಯ ಫ್ರೆಂಚ್ ಮನೆಗಳ 16ರಿಂದ 18 ಡಿಗ್ರಿಯ ಕೋಣೆಗಳಲ್ಲಿ, ರಾಯಚೂರಿನಲ್ಲಲ್ಲ.

ಊಟದ ವಿಷಯಕ್ಕೆ ಬಂದರೆ, ಒಗರನ್ನು ಹಿಡಿದುಕೊಂಡು ಹೊರಟರೆ ಅರ್ಧ ಲೆಕ್ಕ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಗರಿಗೆ ಪ್ರೋಟೀನು ಬೇಕು. ನಮ್ಮ ಎಂಜಲಿನದ್ದನ್ನು ಬಿಟ್ಟು ಅದು ಬೇರೆಯದಕ್ಕೆ ಅಂಟಿಕೊಳ್ಳಲಿ ಎನ್ನುವುದಾದರೆ ಎದುರಿಗೆ ಮಾಂಸ ಇಡಬೇಕು. ಚಹಾಕ್ಕೆ ಹಾಲು ಹಾಕಿದಾಗ ಆಗುವುದೂ ಇದೇ, ಹಾಲಿನ ಪ್ರೋಟೀನು ಒಗರನ್ನು ಕಟ್ಟಿಹಾಕುತ್ತದೆ. ಕೊಬ್ಬು ನಾಲಿಗೆಗೆ ಜಿಡ್ಡು ಹಚ್ಚುತ್ತದೆ, ಉಪ್ಪು ವೈನನ್ನು ಮೆತ್ತಗೆ ತೋರಿಸುತ್ತದೆ. ಹಾಗಾಗಿಯೇ ಮೆದಾಕಿನ ಜನ ಪೊಯಾಕ್ ಊರಿನ ಹಾಲುಗುಡಿಯುವ ಕುರಿಮರಿಯನ್ನೂ, ಒಣಗಿದ ದ್ರಾಕ್ಷಿಕಡ್ಡಿಯ ಕೆಂಡದ ಮೇಲೆ ಸುಟ್ಟು ಸಣ್ಣ ಈರುಳ್ಳಿ, ಮೂಳೆಯ ನೆಣ, ವೈನು ಸೇರಿಸಿದ ಗೊಜ್ಜು ಹಾಕಿದ ದನದ ಮಾಂಸವನ್ನೂ ಈ ವೈನಿನ ಜೊತೆ ಇಡುವುದು. ಮೀನಿಗೆ ಆಗದು. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯನ್ನು ಕೆದಕಿ ಬಾಯಲ್ಲಿ ನೀಚುವಾಸನೆ ಉಳಿಸುತ್ತದೆ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಹೀಗಿದ್ದೂ ಜಿರೋಂದಿನ ಜನ ಲಾಂಪ್ರೆ ಎಂಬ ಹಾವಿನಾಕಾರದ ಮೀನನ್ನು ಅದರದ್ದೇ ರಕ್ತ ಮತ್ತು ಕೆಂಪು ವೈನಿನಲ್ಲಿ ಬೇಯಿಸಿ ಕೆಂಪು ವೈನಿನ ಜೊತೆಗೇ ತಿನ್ನುತ್ತಾರೆ. ಊರಿನ ನಾಲಿಗೆ ಶಾಸ್ತ್ರ ಓದಿರುವುದಿಲ್ಲ. ಗಿಣ್ಣಿನ ವಿಷಯದಲ್ಲೂ ಹುಷಾರು. ಮೆತ್ತನೆಯ ನಾರುವ ಗಿಣ್ಣು ಈ ವೈನನ್ನು ಕಹಿ ಮಾಡುತ್ತದೆ, ಹಳೆಯ ಗಟ್ಟಿ ಗಿಣ್ಣು ವಾಸಿ.

ನನ್ನ ಹೆಂಡತಿ ತನ್ನದೇ ಪ್ರಯೋಗ ನಡೆಸಿದಳು. ಇಪ್ಪತ್ತು ಯೂರೋದ ಒಂದು ಸೇಂಟ್ ಎಸ್ತೆಫ್ ತಂದಿದ್ದೆವು. ಮೊದಲ ದಿನ ಬ್ಯಾಡಗಿ, ಗುಂಟೂರು ಎರಡೂ ಹಾಕಿದ ಕೋಳಿಸಾರು, ಕಡುಬು. ಒಂದು ಗುಟುಕಿಗೆ ಅಳಿಯ ಕೆಂಪಾದ. ಮದ್ಯ ಖಾರವನ್ನು ಹೆಚ್ಚಿಸುತ್ತದೆ, ಖಾರ ಒಗರನ್ನು ಹೆಚ್ಚಿಸುತ್ತದೆ, ಎರಡೂ ಸೇರಿ ವೈನು ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಯಿತು. ಮರುದಿನ ಒಣಮೆಣಸು ಕೈಬಿಟ್ಟು ಕುರಿಮಾಂಸವನ್ನು ತುಪ್ಪ, ಈರುಳ್ಳಿ, ಒಂದಿಷ್ಟೇ ಕಾಳುಮೆಣಸಿನಲ್ಲಿ ಹುರಿದಳು. ಪಕ್ಕದಲ್ಲಿ ಸಂತೆಯ ಕಾಡಣಬೆ, ಅದೂ ತುಪ್ಪದಲ್ಲೇ. ಅಣಬೆಯ ಜೊತೆ ಆ ವೈನು ಒಂದು ಮೆಟ್ಟಿಲು ಮೇಲೇರಿತು. ಮಾಂಸ ತಿನ್ನದವರು ಅಲ್ಲಿಂದ ಶುರುಮಾಡಬಹುದು. ಊರಿಗೆ ಬಂದ ಮೇಲೆ ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಕ್ಯಾಬರ್ನೆ-ಶಿರಾಜನ್ನು ಕೊಡಗಿನ ಕಾಚಂಪುಳಿ ಹಾಕಿದ ಹಂದಿಮಾಂಸದ ಜೊತೆ ಇಟ್ಟು ನೋಡಿದೆ. ಹುಳಿಗೆ ಹುಳಿ ಒದಗಿತು, ಖಾರ ಮಾತ್ರ ಅರ್ಧಕ್ಕೆ ಇಳಿಸಬೇಕಾಯಿತು. 1990ರ ದಶಕದಿಂದ ಆ ತೋಟಕ್ಕೆ ಸಲಹೆ ಕೊಟ್ಟ ಮಿಶೆಲ್ ರೋಲಾಂ ಬೋರ್ದೋ ಸೀಮೆಯವರೇ.

ನಾವು ಹೊರಡುವ ಹಿಂದಿನ ಶನಿವಾರ ಮೇಷ್ಟ್ರು ಊಟಕ್ಕೆ ಕರೆದರು. ಸೇಂಟ್ ಎಸ್ತೆಫಿನದ್ದೇ ಒಂದು ಬಾಟಲಿ, 1996. ಎರಡು ದಿನ ಮೊದಲೇ ನಿಲ್ಲಿಸಿಟ್ಟಿದ್ದರು, ಗಷ್ಟು ತಳ ಹಿಡಿಯಲಿ ಎಂದು. ಗಾಜಿನ ಹೂಜಿಗೆ ಬಗ್ಗಿಸುವಾಗ ಬಾಟಲಿಯ ಕತ್ತಿನ ಕೆಳಗೆ ಮೇಣದಬತ್ತಿ ಹಿಡಿಯುವುದು ಸಂಪ್ರದಾಯ. ಅಳಿಯ ಮೊಬೈಲಿನ ಟಾರ್ಚು ಹಿಡಿದ. ಕಾಫಿ ಚರಟದಂಥ ಎಳೆ ಕತ್ತಿಗೆ ಬಂದ ಕೂಡಲೇ ಕೈ ನಿಲ್ಲಿಸಿದರು.

ಮೊದಲಿಗೆ ಸೂಪು. ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಾಗ ಮೇಷ್ಟ್ರು ಜಗ್ಗಿನಲ್ಲಿದ್ದ ದಿನಬಳಕೆಯ ಕೆಂಪು ವೈನನ್ನು ಅದಕ್ಕೆ ಹಾಕಿ, ಅಲ್ಲಾಡಿಸಿ, ಬಟ್ಟಲನ್ನೇ ಎತ್ತಿ ಸೊರ್ರೆಂದು ಕುಡಿದರು. ನೈಋತ್ಯ ಫ್ರಾನ್ಸಿನ ಹಳೆ ರೈತಾಪಿ ಅಭ್ಯಾಸ, ಶಾಬ್ರೋ ಎನ್ನುತ್ತಾರೆ. ಅವರ ಹೆಂಡತಿ ನಾಚಿಕೆಯಿಂದ ಹಣೆ ಒತ್ತಿಕೊಂಡರು. ನನ್ನ ಹೆಂಡತಿ ನನ್ನ ಕಡೆ ತಿರುಗಿ, "ಸಾರು ಸೊರ್ರೆಂದು ಕುಡೀಬೇಡಿ ಅಂತ ನಿಮಗೆ ಎಷ್ಟು ಸಲ ಹೇಳಿದೀನಿ" ಎಂದಳು, ಕನ್ನಡದಲ್ಲಿ, ನಗುತ್ತ.

ಕುರಿಯ ತೊಡೆ ಬಂತು, ಬಿಳಿ ಹುರುಳಿಕಾಯಿ ಬೀಜದ ಜೊತೆ. 1996ರ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬಾಯಿಗೆ ಹಾಕಿ ನಾನು ಒಗರಿಗಾಗಿ ಕಾದೆ. ಬಂತು, ಆದರೆ ಬಾಗಿಲು ಬಡಿಯಲಿಲ್ಲ, ಒಳಗೆ ಬಂದು ಕೂತಿತು. ತರಗೆಲೆ ಇದೆ, ತಂಬಾಕು ಇದೆ, ಹಳೆ ಮರ ಇದೆ, ಇನ್ನೂ ಏನೋ ಒಂದಿದೆ, ನನಗೆ ತೀರಾ ಗೊತ್ತಿರುವುದು. ಗ್ಲಾಸಿನಲ್ಲಿ ಅದು ಗಂಟೆಗೊಂದು ಸಲ ಬದಲಾಗುತ್ತಿತ್ತು, ಆ ಒಂದು ವಾಸನೆ ಮಾತ್ರ ಹಾಗೇ ಇತ್ತು. ಎಷ್ಟು ಮೂಸಿದರೂ ಹೆಸರು ಬಾಯಿಗೆ ಬರದು. ಮೇಷ್ಟ್ರು ತಂದೆಯ ಕಾಲದ ನೋಟುಬುಕ್ಕು ತೆರೆದು, ಪೆನ್ನು ಹಿಡಿದು, ನೀವೇನು ಹೇಳುತ್ತೀರಿ ಎಂಬಂತೆ ನನ್ನನ್ನೇ ನೋಡುತ್ತಿದ್ದರು.

ನನ್ನ ಹೆಂಡತಿ ಅಲ್ಲಿಯವರೆಗೆ ಎರಡೇ ಗುಟುಕು ಕುಡಿದಿದ್ದಳು. ಮೂರನೆಯದಕ್ಕೆ ಗ್ಲಾಸು ಎತ್ತಿ ಮೂಗಿನ ಹತ್ತಿರ ಹಿಡಿದು, "ನಮ್ಮ ಅಡಿಕೆ ಅಟ್ಟ ಅಲ್ವಾ ಇದು? ಮಳೆಗಾಲದಲ್ಲಿ ಹತ್ತಿದ್ರೆ ಬರೋ ವಾಸನೆ" ಎಂದಳು.

ಅದೇ. ಮಗಳು ಫ್ರೆಂಚಿನಲ್ಲಿ ಹೇಳಲು ಹೋಗಿ ಅಟ್ಟದವರೆಗೆ ತಲುಪಿ ಅಡಿಕೆಯಲ್ಲಿ ಎಡವಿದಳು. ಅಳಿಯ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, 1996ರ ಸಾಲಿನ ಎದುರು ಆ ಪದವನ್ನೇ ಬರೆಯುತ್ತೇನೆ, ಅಕ್ಷರ ಹೇಳಿ ಎಂದರು. ಮಗಳು ಒಂದೊಂದಾಗಿ ಹೇಳಿದಳು. ಕೊನೆಯ ಅಕ್ಷರದ ತಲೆಯ ಮೇಲೆ ಗೀಟು ಹಾಕಿ, ಇಲ್ಲದಿದ್ದರೆ ನಿಮ್ಮವರು "ಅದಿಕ್" ಎಂದು ಓದುತ್ತಾರೆ ಎಂದಳು. ಅವರು ಗೀಟು ಹಾಕಿದರು.